ಸಿಟ್ಟು ನುಂಗುವುದೇ ನಾಯಕತ್ವವೇ? ಕಪ್ಪು ಅಮೆರಿಕನ್ನರ ಶಿಸ್ತಿನ ಕುರಿತು ಎರಡು ಪ್ರಶ್ನೆಗಳು

ಪ್ರಶ್ನೆ: ನಾನು ಮೈಸೂರಿನ ವಿದ್ಯಾರ್ಥಿನಿಲಯವೊಂದರ ನಿಲಯಪಾಲಕ. ಭಾನುವಾರ ಸಂಜೆ ಹುಡುಗರನ್ನು ಕೂರಿಸಿಕೊಂಡು ಒಬ್ಬೊಬ್ಬ ನಾಯಕರ ಬದುಕಿನ ಬಗ್ಗೆ ಮಾತನಾಡುವುದು ರೂಢಿ. ಮಾರ್ಟಿನ್ ಲೂಥರ್ ಕಿಂಗ್, ಮಾಲ್ಕಂ ಎಕ್ಸ್ ಮುಂತಾದ ಕಪ್ಪು ಅಮೆರಿಕನ್ ನಾಯಕರ ಓದು, ಸಂಯಮ, ದಿನಚರಿಗಳನ್ನು ಹೊಗಳಿ ಹೇಳಿದಾಗ ಪಿಯುಸಿ ಹುಡುಗನೊಬ್ಬ ಎದ್ದು, “ಸರ್, ಒಳ್ಳೆಯ ಅಭ್ಯಾಸದಿಂದಲೇ ಅವರು ಮೇಲೆ ಬಂದರು ಎಂದರೆ, ಮೇಲೆ ಬಾರದೆ ಉಳಿದ ಕಪ್ಪು ಜನರದ್ದು ಅವರದೇ ತಪ್ಪೇ?” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಏನು ಹೇಳಬೇಕಿತ್ತು?

ಉತ್ತರ: ಆ ಹುಡುಗನ ಬೆನ್ನು ತಟ್ಟಿ. ಕಪ್ಪು ಅಮೆರಿಕನ್ನರು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ತಮ್ಮೊಳಗೇ ವಾದಿಸುತ್ತ ಬಂದಿರುವ ಪ್ರಶ್ನೆಯನ್ನೇ ಅವನು ಕೇಳಿದ್ದಾನೆ. ಗುಲಾಮಗಿರಿಯಲ್ಲಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ ಅವರು 1872ರಲ್ಲಿ ವರ್ಜೀನಿಯಾದ ಹ್ಯಾಂಪ್ಟನ್ ಶಾಲೆಗೆ ಸೇರಲು ಹೋದಾಗ, ಪಕ್ಕದ ಕೊಠಡಿಯನ್ನು ಗುಡಿಸುವಂತೆ ಅಲ್ಲಿನ ಶಿಕ್ಷಕಿ ಹೇಳಿದರು. ವಾಷಿಂಗ್ಟನ್ ಮೂರು ಸಲ ಗುಡಿಸಿ, ನಾಲ್ಕು ಸಲ ದೂಳು ಒರೆಸಿದರು. ಶಿಕ್ಷಕಿ ಗೋಡೆಯನ್ನೂ ಮೇಜನ್ನೂ ಕರವಸ್ತ್ರದಿಂದ ಉಜ್ಜಿ ನೋಡಿ, ಕಣದಷ್ಟು ದೂಳೂ ಸಿಗದಿದ್ದಾಗ ಪ್ರವೇಶ ಕೊಟ್ಟರು. 1881ರಿಂದ ಅಲಬಾಮಾದ ಟಸ್ಕೀಗಿಯಲ್ಲಿ ಅವರೇ ಶಾಲೆ ಕಟ್ಟಿ ನಡೆಸಿದಾಗ, ಹಲ್ಲುಜ್ಜುವ ಬ್ರಶ್‌ನಿಂದ ಹಿಡಿದು ಇಟ್ಟಿಗೆ ಸುಡುವ ಕೆಲಸದವರೆಗೆ ಎಲ್ಲವೂ ಶಿಸ್ತಿನ ಪಾಠವಾಯಿತು. ಅಲ್ಲಿಂದ ಕಲಿತು ಹೊರಟ ಶಿಕ್ಷಕರು, ಕುಶಲಕರ್ಮಿಗಳು ಅಮೆರಿಕದ ದಕ್ಷಿಣ ಭಾಗದ ಎಷ್ಟೋ ಊರುಗಳಿಗೆ ಆಧಾರವಾದರೆಂಬುದನ್ನು ಮರೆಯಲಾಗದು. ಆದರೂ 1903ರಲ್ಲಿ ಕಪ್ಪು ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರು ಈ ದಾರಿಯನ್ನು ಕಟುವಾಗಿ ವಿಮರ್ಶಿಸಿದರು. ದುಡಿಮೆ ಮತ್ತು ಮಿತವ್ಯಯವನ್ನು ಅವರೂ ಮೆಚ್ಚಿದ್ದರು; ಆದರೆ ಮತದಾನದ ಹಕ್ಕು, ನಾಗರಿಕ ಸಮಾನತೆ ಮತ್ತು ಉನ್ನತ ಶಿಕ್ಷಣವನ್ನು ಬದಿಗಿಟ್ಟು ಬರೀ ಸ್ವಂತ ಸುಧಾರಣೆಯನ್ನು ಬೋಧಿಸಿದರೆ, ಇಡೀ ದೇಶ ಹೊರಬೇಕಾದ ಹೊರೆಯನ್ನು ಕಪ್ಪು ಜನರ ಹೆಗಲಿಗೇ ಹೊರಿಸಿದಂತಾಗುತ್ತದೆ ಎಂಬುದು ಅವರ ಆಕ್ಷೇಪವಾಗಿತ್ತು. ನಿಮ್ಮ ವಿದ್ಯಾರ್ಥಿಯ ಮಾತೂ ಇದೇ, ಮತ್ತು ಈ ವಿಷಯದಲ್ಲಿ ನಾನು ಡುಬಾಯ್ಸ್ ಅವರ ಪರ.

ಹಾಗಿದ್ದೂ ಶಿಸ್ತಿನ ಮಾತನ್ನು ಕೈಬಿಡಬಾರದು ಎನ್ನುವುದಕ್ಕೆ ನ್ಯಾಶ್‌ವಿಲ್ ನಗರದ ಉದಾಹರಣೆಯನ್ನು ಕೊಡುತ್ತೇನೆ. ಜೇಮ್ಸ್ ಲಾಸನ್ ಎಂಬ ಮೆಥಡಿಸ್ಟ್ ಪಾದ್ರಿ ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು, ಗಾಂಧೀಜಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ 1956ರಲ್ಲಿ ಅಮೆರಿಕಕ್ಕೆ ಮರಳಿದ್ದರು. ನ್ಯಾಶ್‌ವಿಲ್‌ನ ಅಂಗಡಿಗಳಲ್ಲಿ ಕಪ್ಪು ಜನರು ಸಾಮಾನು ಕೊಳ್ಳಬಹುದಿತ್ತು, ಆದರೆ ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕುಡಿಯುವಂತಿರಲಿಲ್ಲ. ಅದನ್ನು ಮುರಿಯಬೇಕೆಂದಿದ್ದ ಕಾಲೇಜು ವಿದ್ಯಾರ್ಥಿಗಳಿಗೆ ಲಾಸನ್ 1959ರಲ್ಲಿ ಚರ್ಚೊಂದರಲ್ಲಿ ವಾರವಾರವೂ ತರಬೇತಿ ನಡೆಸಿದರು. ಒಬ್ಬರು ಕುರ್ಚಿಯಲ್ಲಿ ಕೂರಬೇಕು. ಉಳಿದವರು ಬಿಳಿಯ ಪುಂಡರ ಪಾತ್ರ ವಹಿಸಿ ಬೈಯಬೇಕು, ತಳ್ಳಬೇಕು, ಮುಖಕ್ಕೆ ಸಿಗರೇಟಿನ ಹೊಗೆ ಬಿಡಬೇಕು. ಬೈಯಿಸಿಕೊಂಡವರು ಏಳಬಾರದು, ತಿರುಗಿ ಹೊಡೆಯಬಾರದು, ಹೊಡೆತ ಬಿದ್ದರೆ ತಲೆಯನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬುದನ್ನೂ ಕಲಿಯಬೇಕು. 1960ರ ಫೆಬ್ರುವರಿ 13ರಂದು ಅವರು ಕೌಂಟರುಗಳಲ್ಲಿ ಹೋಗಿ ಕುಳಿತರು. ಜಾನ್ ಲೂಯಿಸ್ ಮತ್ತು ಬರ್ನಾರ್ಡ್ ಲಾಫಯೆಟ್ ಎಂಬ ಇಬ್ಬರು ವಿದ್ಯಾರ್ಥಿಗಳು ಸಿದ್ಧಪಡಿಸಿದ ನಿಯಮಗಳ ಚೀಟಿಯಲ್ಲಿ ನೆಟ್ಟಗೆ ಕೂರಿ, ಮುಖ ಕೌಂಟರಿನ ಕಡೆಗಿರಲಿ, ಜೋರಾಗಿ ನಗಬೇಡಿ, ಬೈದರೆ ಮರುಮಾತಾಡಬೇಡಿ, ಮುಖ್ಯಸ್ಥರು ಹೇಳುವವರೆಗೆ ಸ್ಥಳ ಬಿಡಬೇಡಿ ಎಂದೆಲ್ಲ ಬರೆದಿತ್ತು. ಫೆಬ್ರುವರಿ 27ರಂದು ಅವರ ಮೇಲೆ ಹಲ್ಲೆಯಾಯಿತು, ಬಂಧನವಾದದ್ದೂ ಅವರದೇ. ಏಪ್ರಿಲ್ 19ರಂದು ಅವರ ವಕೀಲರ ಮನೆಗೆ ಬಾಂಬ್ ಬಿತ್ತು. ಅಂದೇ ಸಾವಿರಾರು ಜನ ಮೌನವಾಗಿ ನಗರಸಭೆಯವರೆಗೆ ನಡೆದರು. ಡಯೇನ್ ನ್ಯಾಶ್ ಎಂಬ ವಿದ್ಯಾರ್ಥಿನಿ ಎಲ್ಲರೆದುರು ನೇರವಾಗಿ ಕೇಳಿದ ಪ್ರಶ್ನೆಗೆ, ಈ ತಾರತಮ್ಯ ತಪ್ಪು ಎಂದು ಮೇಯರ್ ಒಪ್ಪಲೇಬೇಕಾಯಿತು. ಮೇ 10ರಿಂದ ಕೌಂಟರುಗಳು ತೆರೆದುಕೊಂಡವು.

ಈ ಹುಡುಗ ಹುಡುಗಿಯರಿಗೆ ಸಿಟ್ಟು ಇರಲಿಲ್ಲವೆಂದು ತಿಳಿಯಬೇಡಿ. ಇದ್ದ ಸಿಟ್ಟನ್ನು ಯಾವ ಹೊತ್ತಿನಲ್ಲಿ, ಯಾವುದಕ್ಕೆ ಬಳಸಬೇಕೆಂಬುದನ್ನು ಅವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು, ಅದೂ ಗೆಳೆಯರ ಕಣ್ಣೆದುರು, ಗೆಳೆಯರ ನೆರವಿನಿಂದ. ಬಿಳಿಯರಿಂದ “ಒಳ್ಳೆಯವರು” ಎನಿಸಿಕೊಳ್ಳಲು ಕಲಿಯುವ ಸಭ್ಯತೆಗೂ ಅನ್ಯಾಯದ ಕಾನೂನನ್ನು ಬೇಕೆಂದೇ ಮುರಿಯಲು ಕಲಿಯುವ ಸಂಯಮಕ್ಕೂ ಅಜಗಜಾಂತರವಿದೆ. ನಾವು ಶಿಸ್ತು ಎಂಬ ಒಂದೇ ಹೆಸರಿನಿಂದ ಎರಡನ್ನೂ ಕರೆಯುವುದರಿಂದಲೇ ಗೊಂದಲ ಹುಟ್ಟುತ್ತದೆ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 1963ರಲ್ಲಿ ನಡೆದ ವರ್ಣಭೇದ ವಿರೋಧಿ ಚಳವಳಿಯಲ್ಲಿ ಸ್ವಯಂಸೇವಕರು ಸಹಿ ಮಾಡುತ್ತಿದ್ದ ಪ್ರತಿಜ್ಞಾಪತ್ರದಲ್ಲಿ ದಿನವೂ ಪ್ರಾರ್ಥನೆ, ಕೈಯಿಂದಲೂ ನಾಲಿಗೆಯಿಂದಲೂ ಮನಸ್ಸಿನಿಂದಲೂ ಹಿಂಸೆ ಮಾಡದಿರುವುದು, ದೇಹದ ಆರೋಗ್ಯ ಕಾಪಾಡಿಕೊಳ್ಳುವುದು ಮುಂತಾದ ಹತ್ತು ಕಟ್ಟುಪಾಡುಗಳಿದ್ದವು. ಆ ಪತ್ರದಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಅದರ ಕೊನೆಯ ಭಾಗ: ಮೆರವಣಿಗೆಗೆ ಹೋಗಲಾಗದವರು ಕಾರು ಓಡಿಸಬಹುದು, ಅಡುಗೆ ಮಾಡಬಹುದು, ಟೈಪ್ ಮಾಡಬಹುದು, ಕರಪತ್ರ ಹಂಚಬಹುದು ಎಂದು ಕೆಲಸಗಳ ಪಟ್ಟಿಯೇ ಅಲ್ಲಿತ್ತು. ಸಂಯಮದ ಪರೀಕ್ಷೆಯಲ್ಲಿ ಸೋತವರನ್ನೂ ಚಳವಳಿ ದೂರ ತಳ್ಳಲಿಲ್ಲ.

ಮಾಲ್ಕಂ ಎಕ್ಸ್ ಅವರ ಮಾತು ಬಂದದ್ದರಿಂದ ಹೇಳುತ್ತೇನೆ. ಮ್ಯಾಸಚೂಸೆಟ್ಸ್‌ನ ನಾರ್‌ಫೋಕ್ ಸೆರೆಮನೆಯಲ್ಲಿದ್ದಾಗ ಅವರು ನಿಘಂಟನ್ನು ಪುಟಪುಟವಾಗಿ ಕೈಬರಹದಲ್ಲಿ ನಕಲು ಮಾಡಿದರು. ಮೊದಲ ಪುಟಕ್ಕೇ ಒಂದು ದಿನ ಹಿಡಿಯಿತು. ಹುಡುಗರಿಗೆ ಈ ಕಥೆ ಹೇಳುವಾಗ, ಮನಸ್ಸಿನಲ್ಲಿದ್ದದ್ದನ್ನು ಪತ್ರದಲ್ಲಿ ಬರೆಯಲಾಗದ ಸಂಕಟವೇ ಅವರನ್ನು ಆ ಕೆಲಸಕ್ಕೆ ಹಚ್ಚಿತೆಂಬುದನ್ನೂ ಹೇಳಿ.

ನಿಮ್ಮ ಊರಿಗೇ ಸಂಬಂಧಿಸಿದ ಸಂಗತಿಯೊಂದು ಉಳಿದಿದೆ. 1937ರ ಜನವರಿಯಲ್ಲಿ ಮೈಸೂರಿನಲ್ಲಿ ವೈಎಂಸಿಎ ವಿಶ್ವ ಸಮ್ಮೇಳನ ನಡೆದಾಗ ಬೆಂಜಮಿನ್ ಮೇಸ್ ಎಂಬ ಕಪ್ಪು ವಿದ್ವಾಂಸರು ಬಂದಿದ್ದರು. ಹಳ್ಳಿಯೊಂದರ ಅಸ್ಪೃಶ್ಯ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರು ಅವರನ್ನು ಕರೆಸಿಕೊಂಡು, ಅಮೆರಿಕದ ಅಸ್ಪೃಶ್ಯರೊಬ್ಬರು ಇಷ್ಟು ಎತ್ತರಕ್ಕೆ ಬೆಳೆದಿದ್ದಾರೆಂದು ಮಕ್ಕಳಿಗೆ ಪರಿಚಯಿಸಿದರು. ಮೇಸ್ ಅವರಿಗೆ ಮೊದಲು ಆ ಮಾತು ಚುಚ್ಚಿತು. ಯೋಚಿಸಿದ ಮೇಲೆ, ತಮ್ಮ ದೇಶದಲ್ಲಿ ತಮ್ಮ ಸ್ಥಿತಿ ನಿಜಕ್ಕೂ ಅದೇ ಎಂದು ಅವರು ಒಪ್ಪಿಕೊಂಡರು. ಮುಂದೆ 1940ರಿಂದ 1967ರವರೆಗೆ ಅಟ್ಲಾಂಟದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಅವರು ವಿದ್ಯಾರ್ಥಿಗಳಿಗೆ ಓದಿನ ಜೊತೆಗೆ ಒಂದು ಅಭ್ಯಾಸವನ್ನು ಕಲಿಸಿದರು: ಕಪ್ಪು ಜನರನ್ನು ಬೇರೆ ಕೂರಿಸುವ ಚಿತ್ರಮಂದಿರಕ್ಕೆ ದುಡ್ಡು ಕೊಟ್ಟು ಹೋಗದಿರುವುದು. 15ರ ವಯಸ್ಸಿನಲ್ಲಿ ಆ ಕಾಲೇಜಿಗೆ ಸೇರಿದ ಕಿಂಗ್, ಮೇಸ್ ಅವರ ಮಾತುಗಳನ್ನು ಕೇಳಿ ಬೆಳೆದವರು. ನಿಮ್ಮ ವಿದ್ಯಾರ್ಥಿಗೆ ಈ ಕಥೆ ಹೇಳಿ. ಅವನ ಪ್ರಶ್ನೆಗೆ, ತಪ್ಪು ಅವರದಲ್ಲ ಎಂದು ಸ್ಪಷ್ಟವಾಗಿ ಉತ್ತರಿಸಿ, ಅನಂತರ ಶಿಸ್ತಿನ ಮಾತಿಗೆ ಬನ್ನಿ. ಈ ಕ್ರಮ ತಿರುವುಮುರುವಾಗಬಾರದು.

ಪ್ರಶ್ನೆ: ನಾವು ಯಲ್ಲಾಪುರ ತಾಲೂಕಿನ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು, ಸ್ವಸಹಾಯ ಸಂಘ ನಡೆಸುತ್ತೇವೆ. ಬ್ಯಾಂಕು, ಪಂಚಾಯಿತಿ, ಲೆಕ್ಕ, ಜಗಳ ಬಿಡಿಸುವುದು ಎಲ್ಲವನ್ನೂ ನಮ್ಮ ಅಧ್ಯಕ್ಷೆ ಅಕ್ಕನೇ ಮಾಡುತ್ತಾರೆ. ಈಗ ಅವರಿಗೆ ಬಿ.ಪಿ. ಜಾಸ್ತಿಯಾಗಿದೆ. ವಿಶ್ರಾಂತಿ ತೆಗೆದುಕೊಳ್ಳಿ ಎಂದರೆ ಕೇಳುವುದಿಲ್ಲ. ಅಮೆರಿಕದ ಕಪ್ಪು ಮಹಿಳೆಯರು ಇಂಥದ್ದನ್ನು ಹೇಗೆ ನಿಭಾಯಿಸಿದರು?

ಉತ್ತರ: ಸುತ್ತಿಗೆ ಹಿಡಿದು ಉಗಿಯಂತ್ರದ ಜೊತೆ ಸ್ಪರ್ಧಿಸಿ, ಗೆದ್ದು, ಅಲ್ಲೇ ಕುಸಿದು ಸತ್ತ ಜಾನ್ ಹೆನ್ರಿ ಎಂಬ ಕಪ್ಪು ಕಾರ್ಮಿಕನ ಜನಪದ ಕಥೆ ಅಮೆರಿಕದಲ್ಲಿದೆ. ಆರೋಗ್ಯ ಸಂಶೋಧಕ ಶೆರ್ಮನ್ ಜೇಮ್ಸ್ ಅವರು ಉತ್ತರ ಕೆರೊಲಿನಾದಲ್ಲಿ ಜಾನ್ ಹೆನ್ರಿ ಮಾರ್ಟಿನ್ ಎಂಬ ನಿವೃತ್ತ ರೈತರನ್ನು ಭೇಟಿಯಾದರು. ಮಾರ್ಟಿನ್ ತಾವೇ ಓದುಬರಹ ಕಲಿತು, ಪಾಲಿಗೆ ಜಮೀನು ಉಳುವ ಪದ್ಧತಿಯ ಸಾಲದಿಂದ ಬಿಡಿಸಿಕೊಂಡು, 40ರ ವಯಸ್ಸಿಗೆಲ್ಲ 75 ಎಕರೆ ಜಮೀನಿನ ಒಡೆಯರಾಗಿದ್ದರು. 60ರ ಹತ್ತಿರ ಬರುವಷ್ಟರಲ್ಲಿ ರಕ್ತದೊತ್ತಡ, ಕೀಲುನೋವು, ಹೊಟ್ಟೆಯ ಹುಣ್ಣು ಅಂಟಿಕೊಂಡಿದ್ದವು. ಸೌಲಭ್ಯವಿಲ್ಲದ ಕಡೆ ಬರೀ ಛಲದಿಂದ ಸದಾ ಹೋರಾಡುವವರ ರಕ್ತದೊತ್ತಡ ಏರಬಹುದೆಂಬ ವಿಚಾರವನ್ನು ಜೇಮ್ಸ್ 1983ರಲ್ಲಿ ಪ್ರಕಟಿಸಿದರು. ಅಕ್ಕನ ಗಟ್ಟಿತನವನ್ನು ಗೌರವಿಸಿ, ಆದರೆ ಅದರ ಬೆಲೆಯನ್ನು ಅವರೊಬ್ಬರೇ ತೆರುವಂತಾಗಬಾರದು.

ಈ ವಿಷಯದಲ್ಲಿ ನಾನು ನೆಚ್ಚುವ ಹೆಸರು ಸೆಪ್ಟಿಮಾ ಕ್ಲಾರ್ಕ್. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಎಂಬ ಸಂಘಟನೆಯ ಸದಸ್ಯೆ ಎಂಬ ಕಾರಣಕ್ಕೆ 1956ರಲ್ಲಿ ಶಿಕ್ಷಕಿಯ ಕೆಲಸ ಕಳೆದುಕೊಂಡ ಅವರು, ಮರುವರ್ಷ ಜನವರಿಯಲ್ಲಿ ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ, ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ವಯಸ್ಕರ ಶಾಲೆ ತೆರೆಸಿದರು. ಓದುಬರಹ ಬಾರದವರಿಗೆ ಮತದಾರರ ಪಟ್ಟಿಯಲ್ಲಿ ಹೆಸರು ಸಿಗದಿದ್ದ ಕಾಲವದು. ಪಾಠ ಹೇಳಲು ಅವರು ಆರಿಸಿದ್ದು ಬರ್ನೀಸ್ ರಾಬಿನ್ಸನ್ ಎಂಬ ಕೇಶಾಲಂಕಾರ ಮಾಡುವ ಮಹಿಳೆಯನ್ನು. ರಾಬಿನ್ಸನ್ ಮೊದಲ ದಿನವೇ, ನಿಮಗೆ ಏನು ಕಲಿಯಬೇಕಾಗಿದೆ ಎಂದು ಬಂದವರನ್ನೇ ಕೇಳಿದರು. ಹೆಸರು ಬರೆಯುವುದು, ಬೈಬಲ್ ಓದುವುದು, ಮನಿಯಾರ್ಡರ್ ತುಂಬುವುದು ಎಂದರು ಅವರು. ಅಲ್ಲಿಂದ ಇಂಥ ಶಾಲೆಗಳು ದಕ್ಷಿಣದುದ್ದಕ್ಕೂ ಹಬ್ಬಿದವು. ಮುಂದೆ ಕ್ಲಾರ್ಕ್, ಎಲ್ಲ ಮೆರವಣಿಗೆಗಳನ್ನೂ ತಾವೇ ಮುನ್ನಡೆಸದೆ ಬೇರೆಯವರನ್ನೂ ಬೆಳೆಸಿ ಎಂದು ಕಿಂಗ್ ಅವರಿಗೇ ಪತ್ರ ಬರೆದರು. ಸಭೆಯಲ್ಲಿ ಅದನ್ನು ಓದಿದಾಗ ಕಿಂಗ್ ಅವರ ಸಂಘಟನೆಯವರು ನಕ್ಕುಬಿಟ್ಟರಂತೆ. ಕ್ಲಾರ್ಕ್ ಹೇಳಿದ್ದೇ ಸರಿ ಎಂದು ನನಗೆ ಇಂದಿಗೂ ಅನಿಸುತ್ತದೆ.

ಅಕ್ಕನಿಗೆ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳುವುದನ್ನು ಬಿಡಿ. ಮುಂದಿನ ವಾರದ ಸಭೆಯಲ್ಲಿ ನಡಾವಳಿ ಪುಸ್ತಕವನ್ನು ಸದಸ್ಯೆಯರ ಪೈಕಿ ಅತ್ಯಂತ ಸಂಕೋಚದವರ ಕೈಗೆ ಕೊಡಿ, ಅಕ್ಕ ಪಕ್ಕದಲ್ಲಿ ಕೂತು ಹೇಳಿಕೊಡಲಿ. ಬ್ಯಾಂಕಿಗೆ ಹೋಗುವಾಗ ಪ್ರತಿ ತಿಂಗಳೂ ಬೇರೆ ಬೇರೆ ಇಬ್ಬರು ಅವರ ಜೊತೆ ಹೋಗಲಿ, ಮೂರನೆಯ ತಿಂಗಳಿನಿಂದ ಅಕ್ಕ ಮನೆಯಲ್ಲೇ ಇರಲಿ. ಆ ದಿನ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಿ.ಪಿ. ನೋಡಿಸುವ ಜವಾಬ್ದಾರಿಯನ್ನೂ ಒಬ್ಬರ ಹೆಸರಿಗೆ ನಡಾವಳಿಯಲ್ಲೇ ಬರೆಯಿರಿ.