ಟೆಸ್ಟ್ ಎಲ್ಲ ಪಾಸ್, ಆದರೂ ರಾತ್ರಿ ನಿದ್ದೆ ಇಲ್ಲ

ಆಪ್ತಸಲಹೆಗೆಂದು ನನ್ನ ಬಳಿ ಬಂದ ಇವರನ್ನು ‘ಶ’ ಎಂದು ಕರೆಯೋಣ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬೆಂಗಳೂರಿನಲ್ಲಿ ಜಾವಾ ಡೆವಲಪರ್. ಸಾಲಗಾರರ ಬಡ್ಡಿಯನ್ನು ಪ್ರತಿ ರಾತ್ರಿ ಲೆಕ್ಕ ಹಾಕುವ ಬ್ಯಾಚ್ ಜಾಬ್ (ದಾಖಲೆಗಳ ರಾಶಿಯನ್ನು ತಾನಾಗಿ ಸಂಸ್ಕರಿಸುವ ಪ್ರೋಗ್ರಾಂ) ಇವರ ಹೊಣೆ. ಇಂಥ ಜಾಬ್‌ಗಳಿಗೆಂದೇ ಇರುವ ಜಾವಾ ಫ್ರೇಮ್‌ವರ್ಕ್ ಸ್ಪ್ರಿಂಗ್ ಬ್ಯಾಚ್ 5ರಲ್ಲಿ ಬರೆದದ್ದು.

“ಮೇಡಂ, ಟೆಸ್ಟ್ ಎಲ್ಲಾ ಪಾಸ್ ಆಗುತ್ತೆ. ಆದ್ರೆ ರಾತ್ರಿ ಜಾಬ್ ನಿಲ್ಲುತ್ತೆ, ಇಲ್ಲಾಂದ್ರೆ ಗ್ರಾಹಕರಿಗೆ ಒಂದೇ ಎಸ್‌ಎಂಎಸ್ ಎರಡೆರಡು ಸಲ ಹೋಗುತ್ತೆ. ನಂಗೆ ಈ ಕೆಲಸ ಬರಲ್ಲ ಅನ್ಸುತ್ತೆ,” ಎಂದರು. ಫೋನ್ ಬರಬಹುದೆಂಬ ಭಯಕ್ಕೆ ಫೋನ್ ಬಾರದ ರಾತ್ರಿಯೂ ಎಚ್ಚರವಾಗಿರುತ್ತಿದ್ದರು.

ಆಪ್ತಸಲಹೆಗೆ ಬರುವ ಮೊದಲು ನಾನೂ ಸಾಫ್ಟ್‌ವೇರ್ ಕೆಲಸ ಮಾಡಿದವಳು. ಕಂಪನಿಯ ಕೋಡ್ ಬೇಡ, ಒಂದು ಟೆಸ್ಟ್ ಹೇಗಿದೆ ಅಂತ ಹಾಳೆಯಲ್ಲಿ ಬರೆದು ತೋರಿಸಿ ಎಂದೆ. ದಾಖಲೆ ಓದುವ ರೀಡರ್, ಲೆಕ್ಕ ಹಾಕುವ ಪ್ರೊಸೆಸರ್, ಫಲಿತಾಂಶ ಬರೆಯುವ ರೈಟರ್ ಮೂರೂ ಮಾಕಿಟೊ ಎಂಬ ಲೈಬ್ರರಿಯ ಮಾಕ್‌ಗಳು, ಅಂದರೆ ಅಸಲಿಯ ಬದಲು ಇಡುವ ನಕಲಿಗಳು. ರೀಡರ್‌ಗೆ ಏನು ಕೊಡಬೇಕೆಂದು ಹೇಳಿಯೇ ಇರಲಿಲ್ಲ. ಹಾಗೆ ಬಿಟ್ಟ ಮಾಕ್ ‘ನಲ್’ (ಏನೂ ಇಲ್ಲ ಎಂಬ ಗುರುತು) ಕೊಡುತ್ತದೆ. ಸ್ಪ್ರಿಂಗ್ ಬ್ಯಾಚ್‌ನಲ್ಲಿ ರೀಡರ್ ‘ನಲ್’ ಕೊಟ್ಟರೆ ಓದಲು ಇನ್ನೇನೂ ಇಲ್ಲ ಎಂದರ್ಥ. ಜಾಬ್ ಸೊನ್ನೆ ದಾಖಲೆ ಓದಿ, ಸೊನ್ನೆ ಬರೆದು, ‘ಕಂಪ್ಲೀಟೆಡ್’ ಎಂದು ಮುಗಿಯುತ್ತಿತ್ತು. ಟೆಸ್ಟ್ ನೋಡುತ್ತಿದ್ದದ್ದು ಆ ‘ಕಂಪ್ಲೀಟೆಡ್’ ಒಂದನ್ನೇ. ಇವರ ಬಡ್ಡಿ ಲೆಕ್ಕ ಟೆಸ್ಟ್‌ನಲ್ಲಿ ಒಮ್ಮೆಯೂ ಓಡಿರಲಿಲ್ಲ!

ಇದನ್ನು ಅವರೇ ಕಂಡುಕೊಂಡರು. ಕಂಡ ಕೂಡಲೇ ಕಣ್ಣಲ್ಲಿ ನೀರು ಬಂತು. ಇದು ದಡ್ಡತನ ಅಲ್ಲ, ಯಾರೂ ಕೂತು ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಅದನ್ನೇ ಅವರಿಗೂ ಹೇಳಿದೆ.

ಮೊದಲ ಸಲಹೆ: ಬಡ್ಡಿ ಲೆಕ್ಕಕ್ಕೆ ಮಾಕ್ ಬೇಡ. ಪ್ರೊಸೆಸರನ್ನು ನೇರವಾಗಿ ಕರೆದು, ಬಂದ ಮೊತ್ತ ನೋಡಿ. ರೀಡರ್ ಜಾಗದಲ್ಲಿ, ಕೊಟ್ಟ ಪಟ್ಟಿಯಿಂದಲೇ ಓದುವ ಲಿಸ್ಟ್‌ಐಟಮ್‌ರೀಡರ್ ಇಟ್ಟು ನಾಲ್ಕೈದು ದಾಖಲೆ ಕೊಡಿ, ಅದರಲ್ಲೊಂದು ಕೆಟ್ಟದ್ದಿರಲಿ. ಎಷ್ಟು ಓದಿತು, ಎಷ್ಟು ಬರೆಯಿತು, ಎಷ್ಟು ಬಿಟ್ಟಿತು, ಮೂರನ್ನೂ ಪರೀಕ್ಷಿಸಿ.

ಮಾಕ್ ನಿಜಕ್ಕೂ ಬೇಕಾಗುವುದು ಕೋಡ್ ಹೊರಗಿನವರ ಜೊತೆ ಮಾತಾಡುವ ಕಡೆ. ಇವರ ವಿಷಯದಲ್ಲಿ ಎಸ್‌ಎಂಎಸ್ ಸೇವೆ. ಅದಕ್ಕೊಂದು ಮಾಕ್ ಇಡಿ, ಆ ಕೆಟ್ಟ ದಾಖಲೆ ಸಿಕ್ಕಾಗ ರೈಟರ್ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯುವಂತೆ ಮಾಡಿ ಎಂದೆ. ಸ್ಕಿಪ್ (ಕೆಟ್ಟ ದಾಖಲೆ ಬಿಟ್ಟು ಮುಂದೆ ಹೋಗುವ ವ್ಯವಸ್ಥೆ) ಇಟ್ಟಿದ್ದರೆ, ರೈಟರ್ ಎಡವಿದಾಗ ಇಡೀ ಚಂಕ್, ಅಂದರೆ ಒಟ್ಟಿಗೆ ಬರೆಯುವ ದಾಖಲೆಗಳ ಗುಂಪು, ರೋಲ್‌ಬ್ಯಾಕ್ ಆಗುತ್ತದೆ (ಬರೆದದ್ದು ರದ್ದಾಗುತ್ತದೆ). ತಪ್ಪು ಯಾವುದರಲ್ಲಿದೆ ಎಂದು ಹುಡುಕಲು ಒಂದೊಂದೇ ದಾಖಲೆಯನ್ನು ಮತ್ತೆ ಬರೆಯಲು ನೋಡುತ್ತದೆ. ನಾವು ಬೇಡ ಎನ್ನದಿದ್ದರೆ ಪ್ರೊಸೆಸರ್ ಕೂಡ ಇನ್ನೊಮ್ಮೆ ಓಡುತ್ತದೆ. ಇವರು ಎಸ್‌ಎಂಎಸ್ ಕಳಿಸುತ್ತಿದ್ದದ್ದು ಪ್ರೊಸೆಸರ್ ಒಳಗಿಂದಲೇ. ಚಂಕ್ 100 ಇದ್ದು ಒಂದು ದಾಖಲೆ ಕೆಟ್ಟರೆ, ಸರಿಯಾಗಿದ್ದ 99 ಜನರಿಗೂ ಮೆಸೇಜ್ ಎರಡು ಸಲ! ‘ಒಬ್ಬರಿಗೆ ಒಂದೇ ಸಲ’ ಎಂದು ಮಾಕ್ ಮೇಲೆ ವೆರಿಫೈ (ಎಷ್ಟು ಸಲ ಕರೆಯಲಾಯಿತು ಎಂಬ ತಪಾಸಣೆ) ಹಾಕಿದರೆ ಇದು ಹಗಲಲ್ಲೇ ಸಿಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ರಾತ್ರಿಯ ಫೋನ್ ಒಬ್ಬರ ತಲೆ ಮೇಲೇ ಇರಬಾರದು. ಸರದಿ ಹಾಕಿಸಿ ಎಂದು ಲೀಡ್ ಹತ್ತಿರ ಕೇಳಿ. ಕೇಳುವುದು ಹೇಗೆಂದು ಇಬ್ಬರೂ ಕೂತು ಅಭ್ಯಾಸ ಮಾಡಿದೆವು.

ಮುಂದಿನ ಭೇಟಿಯ ಹೊತ್ತಿಗೆ ಸರದಿ ಶುರುವಾಗಿತ್ತು. ಹೊಸ ಟೆಸ್ಟ್ ಮೊದಲ ಸಲವೇ ಫೇಲ್ ಆಗಿತ್ತಂತೆ. ಅದನ್ನು ಹೇಳುವಾಗ ಅವರು ನಗುತ್ತಿದ್ದರು. ಎಸ್‌ಎಂಎಸ್ ಕೆಲಸವನ್ನು ಜಾಬ್‌ನ ಬೇರೆ ಸ್ಟೆಪ್‌ಗೆ (ಹಂತಕ್ಕೆ) ಸರಿಸಿದ್ದರು. ಅರ್ಧಕ್ಕೆ ನಿಂತ ಜಾಬ್ ಮತ್ತೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನೂ ಮಾಕ್ ಇಟ್ಟು ನೋಡಬಹುದಾ ಎಂದು ಕೇಳಿದರು. ಬೇಡ, ಅದಕ್ಕೆ ಎಚ್2 ಎಂಬ ಪುಟ್ಟ ಡೇಟಾಬೇಸ್ ಇಟ್ಟು ಜಾಬನ್ನು ನಿಜವಾಗಿ ನಿಲ್ಲಿಸಿ, ಮತ್ತೆ ಓಡಿಸಿಯೇ ನೋಡಿ ಎಂದೆ.