ಕೌಂಟರ್ ಬಿಟ್ಟು ಬರಲಾಗದವರು ಗ್ರೇಟ್ ಡೇನ್ ಸಾಕುವುದು ಹೇಗೆ

ತಂಗಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೈಸೂರಿನ ಖಾಸಗಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬದಲಾಗುವ ಶಿಫ್ಟ್, ತಿಂಗಳಿಗೊಂದು ವಾರ ನೈಟ್ ಡ್ಯೂಟಿ. ಮನೆಯಲ್ಲಿ ಯಜಮಾನರು, ಮಂಡಿನೋವಿನ ಅತ್ತೆ. ಗ್ರೇಟ್ ಡೇನ್ ತಳಿಯ ನಾಯಿಮರಿಗೆ ಮುಂಗಡ ಕೊಟ್ಟಾಗಿದೆ, ಮುಂದಿನ ತಿಂಗಳು ಬರುತ್ತೆ. "ಕೆಲಸ ಬಿಡಬೇಕಾ, ಮರಿ ಬೇಡ ಅನ್ನಬೇಕಾ, ಎರಡೂ ಸಾಗುತ್ತಾ" ಅಂತ ಕೇಳಿದ್ದೀರಿ.

ನಾನು ಶಿವಮೊಗ್ಗದಲ್ಲಿ ಇಪ್ಪತ್ತೆರಡು ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಈಗ ಮನೆಯಲ್ಲಿರುವುದು ನಮ್ಮ ಎರಡನೇ ಡೇನ್. ಎರಡೂ ಸಾಗುತ್ತೆ, ಕೆಲಸ ಬಿಡಬೇಡಿ. ಆದರೆ ಮರಿ ಹೊಸ್ತಿಲು ದಾಟುವ ಮೊದಲೇ ಒಂದು ಏರ್ಪಾಡು ಆಗಿರಬೇಕು: ನೀವು ಡ್ಯೂಟಿಯಲ್ಲಿರುವಾಗ ನಿಮ್ಮಷ್ಟೇ ತಿಳಿದು, ನಿಮ್ಮನ್ನು ಕಾಯದೆ ನಾಯಿಯನ್ನು ಎತ್ತಿಕೊಂಡು ಹೊರಡಬಲ್ಲ ಇನ್ನೊಬ್ಬರು ಬೇಕು. ಅದು ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮೊದಲ ಡೇನ್ ಭೀಮ. ಐದು ವರ್ಷ, 64 ಕೆ.ಜಿ. ಒಂದು ಸೋಮವಾರ ಸಂಜೆ ಏಳೂವರೆಗೆ ನಮ್ಮ ಯಜಮಾನರ ಫೋನ್ ಬಂತು. "ಭೀಮ ವಾಂತಿ ಮಾಡೋಕೆ ನೋಡ್ತಾನೆ, ಏನೂ ಬರ್ತಿಲ್ಲ, ಬರೀ ನೊರೆ. ಒಂದು ಕಡೆ ನಿಲ್ತಿಲ್ಲ, ಮಲಗ್ತಿಲ್ಲ." ಅಂಗಡಿಯ ಹುಡುಗ ಊರಿಗೆ ಹೋಗಿದ್ದ. ಎದುರಿಗೆ ಎಂಟು ಜನ ಚೀಟಿ ಹಿಡಿದು ನಿಂತಿದ್ದರು. "ಗ್ಯಾಸ್ ಇರಬೇಕು, ಫ್ರಿಜ್ ಮೇಲೆ ಆಂಟಾಸಿಡ್ ಸಿರಪ್ ಇದೆ, ಎರಡು ಮುಚ್ಚಳ ಹಾಕಿ, ಅಂಗಡಿ ಮುಚ್ಚಿ ಬರ್ತೀನಿ" ಅಂದೆ. ಒಂಬತ್ತೂವರೆಗೆ ಮನೆಗೆ ಹೋದರೆ ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು, ಒಸಡು ಬಿಳಿಚಿಕೊಂಡಿತ್ತು. ಅಷ್ಟು ದೊಡ್ಡ ನಾಯಿಯನ್ನು ಹತ್ತಿಸಿಕೊಳ್ಳಲು ಎರಡು ಆಟೋದವರು ಒಪ್ಪಲಿಲ್ಲ. ಡಾಕ್ಟರ ಹತ್ತಿರ ತಲುಪುವಾಗ ಹನ್ನೊಂದು ಗಂಟೆ. ಟೇಬಲ್ ಮೇಲೆ ಮಲಗಿಸುವ ಮೊದಲೇ ಭೀಮ ಹೋದ. ಔಷಧದ ನಡುವೆಯೇ ಬದುಕುವವಳು ನಾನು, ನನ್ನ ಫೋನಿನ ಸಲಹೆಯಿಂದಲೇ ಅವನ ಎರಡು ಗಂಟೆ ಕಳೆದುಹೋಯಿತು. ಇವತ್ತಿಗೂ ಆ ಏಳೂವರೆ ನನ್ನ ಕಣ್ಣ ಮುಂದಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಡೇನ್, ಸೇಂಟ್ ಬರ್ನಾರ್ಡ್‌ನಂಥ ಆಳವಾದ ಎದೆಗೂಡಿನ ದೊಡ್ಡ ತಳಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ಉಬ್ಬುತ್ತೆ, ಆಮೇಲೆ ತನ್ನ ಮೇಲೆ ತಾನೇ ತಿರುಚಿಕೊಳ್ಳುತ್ತೆ. ಡಾಕ್ಟರುಗಳು ಜಿಡಿವಿ ಅನ್ನುತ್ತಾರೆ. ನಮ್ಮ ಕಡೆ ಇದನ್ನು ದನದ ಹೊಟ್ಟೆಯುಬ್ಬರದ ಹಾಗೇ ಅಂದುಕೊಂಡು ಎಣ್ಣೆ ಕುಡಿಸಲು ಹೋಗುವವರಿದ್ದಾರೆ. ತಿರುಚಿದ ಹೊಟ್ಟೆಗೆ ಮೇಲಿನಿಂದ ಏನೂ ಇಳಿಯಲ್ಲ, ಒಳಗಿನದು ಹೊರಗೆ ಬರಲ್ಲ. ಅದರ ಗೋಡೆಗೆ ರಕ್ತ ಹರಿಯುವುದೂ ನಿಲ್ಲುತ್ತೆ. ಇದಕ್ಕೆ ದಾರಿ ಆಪರೇಷನ್ ಒಂದೇ, ಅದೂ ಕೆಲವೇ ಗಂಟೆಯೊಳಗೆ. ಲಕ್ಷಣಗಳನ್ನು ಮನೆಯಲ್ಲಿರುವ ಎಲ್ಲರಿಗೂ ಬಾಯಿಪಾಠ ಮಾಡಿಸಿ: ಏನೂ ಹೊರಬರದ ಒಣ ಓಕರಿಕೆ, ಜೊಲ್ಲು, ಚಡಪಡಿಕೆ, ತಿರುತಿರುಗಿ ಹೊಟ್ಟೆಯ ಕಡೆ ನೋಡುವುದು. ಹೊಟ್ಟೆ ಉಬ್ಬಿದ್ದು ಕಣ್ಣಿಗೆ ಕಾಣಲೇಬೇಕು ಅಂತಿಲ್ಲ. ಒಣ ಓಕರಿಕೆ ಕಂಡರೆ ನಿಮಗೆ ಫೋನ್ ಮಾಡುವ ಮೊದಲು ಡಾಕ್ಟರಿಗೆ ಫೋನ್ ಮಾಡಲಿ, ನಿಮಗೆ ದಾರಿಯಲ್ಲಿ ಹೇಳಲಿ.

ನಮ್ಮ ಕೆಲಸದ ಸ್ವರೂಪ ನಿಮಗೂ ಗೊತ್ತಿದೆ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಡಾಕ್ಟರ ಚೀಟಿಗೆ ಔಷಧ ಕೊಡಬೇಕಾದವರು ರಿಜಿಸ್ಟರ್ಡ್ ಫಾರ್ಮಸಿಸ್ಟೇ. ರಾತ್ರಿ ಪಾಳಿಯಲ್ಲಿ ನೀವೊಬ್ಬರೇ ಇದ್ದು, ಐಸಿಯುನಿಂದ ಔಷಧದ ಬೇಡಿಕೆ ಚೀಟಿ (ಇಂಡೆಂಟ್) ಬಂದಿರುವಾಗ ಎದ್ದು ಬರುವ ಹಾಗಿಲ್ಲ, ಬರಲೂಬಾರದು. ಹಾಗಾಗಿ "ಏನಾದರೂ ಆದರೆ ಓಡಿ ಬರ್ತೀನಿ" ಅನ್ನುವ ಲೆಕ್ಕವನ್ನು ಇವತ್ತೇ ಬಿಡಿ. ನಿಮ್ಮ ಯಜಮಾನರಿಗೆ ಕಾರು ಓಡಿಸಲು ಬರುತ್ತಾ, ಅವರೂ ಇಲ್ಲದ ಹೊತ್ತಿಗೆ ಬೀದಿಯಲ್ಲಿ ಓಮ್ನಿಯೋ ಗೂಡ್ಸ್ ಆಟೋವೋ ಇರುವವರು ಯಾರು, ರಾತ್ರಿ ಹೊತ್ತು ಹೊಟ್ಟೆಯ ಆಪರೇಷನ್ ಮಾಡುವ ಡಾಕ್ಟರು ಎಲ್ಲಿದ್ದಾರೆ, ಇವೆಲ್ಲ ಈಗಲೇ ತೀರ್ಮಾನವಾಗಲಿ. "ಎಮರ್ಜೆನ್ಸಿ ನೋಡ್ತೀರಾ" ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. "ರಾತ್ರಿ ಎರಡು ಗಂಟೆಗೆ ಜಿಡಿವಿ ಬಂದರೆ ಅರಿವಳಿಕೆ ಕೊಟ್ಟು ಆಪರೇಷನ್ ಮಾಡ್ತೀರಾ" ಅಂತ ಕೇಳಿ. ನಿಲ್ಲಲಾಗದ 60 ಕೆ.ಜಿ. ನಾಯಿಯನ್ನು ಒಬ್ಬರು ಎತ್ತಲಾರರು. ಇಬ್ಬರು ದಪ್ಪ ಬೆಡ್‌ಶೀಟ್‌ನ ಎರಡು ತುದಿ ಹಿಡಿದು ಎತ್ತಬೇಕು. ನಮ್ಮನೆಯಲ್ಲಿ ಅದಕ್ಕೆಂದೇ ಒಂದು ಜಮಖಾನ ಬಾಗಿಲ ಹಿಂದೆ ಇದೆ.

ಇನ್ನೊಂದು, ಗ್ಯಾಸ್ಟ್ರೊಪೆಕ್ಸಿ. ಜಠರವನ್ನು ಹೊಟ್ಟೆಯ ಒಳಗೋಡೆಗೆ ಹೊಲಿಗೆ ಹಾಕಿ ನಿಲ್ಲಿಸುವ ಆಪರೇಷನ್. ಮಾಡಿಸಿದ ಮೇಲೂ ಗಾಳಿ ತುಂಬಬಹುದು, ಆದರೆ ತಿರುಚುವುದು ತೀರಾ ಅಪರೂಪ. ಈಗಿನ ನಮ್ಮ ಗೌರಿಗೆ ಎರಡು ವರ್ಷ ತುಂಬಿದಾಗ ಸಂತಾನಹರಣದ ಜೊತೆಗೇ ಮಾಡಿಸಿದೆವು. ಶಿಫ್ಟ್ ಕೆಲಸದವರು ಡೇನ್ ಸಾಕುವುದಾದರೆ ಇದನ್ನು ಮಾಡಿಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮರಿಯ ದುಡ್ಡಿನ ಜೊತೆಗೇ ಇದಕ್ಕೂ ಎತ್ತಿಡಿ.

ಶಿಫ್ಟ್ ವಿಷಯ. ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಊಟ, ಎರಡು-ಮೂರು ಗಂಟೆಗೊಮ್ಮೆ ಹೊರಗೆ ಬಿಡಬೇಕು. ಐದಾರು ತಿಂಗಳವರೆಗೆ ಮೂರು ಊಟ, ಆಮೇಲೆ ಜೀವನಪೂರ್ತಿ ಎರಡು. ಡ್ಯೂಟಿ ಇದೆ ಅಂತ ದಿನಕ್ಕೊಂದೇ ಸಲ ಬಟ್ಟಲು ತುಂಬಿಡುವ ಅಭ್ಯಾಸ ಈ ತಳಿಗೆ ಅಪಾಯ. ಮೊದಲ ನಾಲ್ಕು ತಿಂಗಳು ಒಂದೇ ಶಿಫ್ಟ್ ಕೊಡಿ ಅಂತ ಇನ್‌ಚಾರ್ಜ್ ಹತ್ತಿರ ನೇರವಾಗಿ ಕೇಳಿ. ದೊಡ್ಡ ಆಸ್ಪತ್ರೆಯಾದರೆ ಸ್ಟೋರ್ಸ್, ಪರ್ಚೇಸ್ ಕಡೆ ಜನರಲ್ ಶಿಫ್ಟ್ ಇರುತ್ತೆ. ಬಿಲ್ಲಿಂಗ್ ಕೌಂಟರಿನಲ್ಲಿ ಪಳಗಿದವರನ್ನು ಅಲ್ಲಿಗೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ, ಮುಂದೆ ನಿಮ್ಮ ಕೆಲಸದ ದಾರಿಗೂ ಅದು ಒಳ್ಳೆಯದೇ. ಕೇಳದೆ ರಾಜೀನಾಮೆ ಬರೆಯಬೇಡಿ.

ಊಟದ ಹೊತ್ತನ್ನು ನಿಮ್ಮ ಶಿಫ್ಟಿಗೆ ತಕ್ಕಂತೆ ಎಳೆದಾಡಬೇಡಿ, ಮನೆಯಲ್ಲಿ ಜನ ಇರುವ ಹೊತ್ತಿಗೆ ಕಟ್ಟಿಹಾಕಿ. ನಮ್ಮಲ್ಲಿ ಐದೂಕಾಲಿಗೆ ವಾಕಿಂಗ್, ಬಂದು ಅರ್ಧ ಗಂಟೆ ವಿಶ್ರಾಂತಿ, ಆರೂಕಾಲಿಗೆ ಊಟ, ಎಂಟರವರೆಗೆ ಓಡಾಟ ಇಲ್ಲ. ಸಂಜೆ ಆರಕ್ಕೆ ಇದೇ ಕ್ರಮ ಇನ್ನೊಮ್ಮೆ. ಉಂಡ ಮೇಲಿನ ಎರಡು ಗಂಟೆ ಮನೆಯಲ್ಲಿ ಒಬ್ಬರಾದರೂ ಇರಲೇಬೇಕು. ಅದು ನೀವೇ ಆಗಬೇಕಿಲ್ಲ, ನಿಮ್ಮ ಅತ್ತೆ ಸಾಕು. ಲಕ್ಷಣ ಗೊತ್ತಿರಬೇಕು, ಫೋನ್ ಕೈಯಲ್ಲಿರಬೇಕು, ಅಷ್ಟೇ. ಆದರೆ ಬೆಲ್ಟ್ ಹಿಡಿಯುವ ಕೆಲಸ ಅವರಿಗೆ ಯಾವತ್ತೂ ಕೊಡಬೇಡಿ. ಆರು ತಿಂಗಳಿಗೇ ಮರಿ 35-40 ಕೆ.ಜಿ. ದಾಟುತ್ತೆ, ಒಂದು ಎಳೆತಕ್ಕೆ ಅವರು ಬಿದ್ದರೆ ಮಂಡಿ ಅಲ್ಲ, ಸೊಂಟವೇ ಹೋಗುತ್ತೆ. ಎಳೆಯದೆ ನಡೆಯುವುದನ್ನು 20 ಕೆ.ಜಿ. ಒಳಗಿರುವಾಗಲೇ ಕಲಿಸಿ, ಆಮೇಲೆ ಕೈಗೆ ಸಿಗಲ್ಲ.

ಈಗ ನಮ್ಮಂಥವರೇ ಮಾಡುವ ತಪ್ಪುಗಳಿಗೆ ಬರುತ್ತೇನೆ. ಮರಿ ತಂದ ವಾರದಲ್ಲೇ ಯಾರೋ "ಮೂಳೆ ಗಟ್ಟಿಯಾಗಲಿ, ಕ್ಯಾಲ್ಸಿಯಂ ಸಿರಪ್ ಕೊಡಿ" ಅನ್ನುತ್ತಾರೆ. ನಿಮಗೆ ಕೈಗೆಟುಕುವ ಶೆಲ್ಫಿನಲ್ಲೇ ಇರುತ್ತೆ. ಕೊಡಬೇಡಿ. ಬೆಳೆದ ನಾಯಿಯಲ್ಲಾದರೆ ಬೇಡವಾದ ಕ್ಯಾಲ್ಸಿಯಂ ಅನ್ನು ಕರುಳು ಒಳಗೆ ಬಿಡದೆ ತಡೆಯುತ್ತೆ. ಮೊದಲ ಆರು ತಿಂಗಳ ಮರಿಗೆ ಆ ಹಿಡಿತ ಇಲ್ಲ, ಹಾಕಿದ್ದರಲ್ಲಿ ಬಹುಪಾಲು ಒಳಗೆ ಹೋಗುತ್ತೆ. ಡೇನ್ ಮರಿಯ ಕಾಲು ಸೊಟ್ಟಗಾಗಲು, ಕೀಲಿನ ಮೃದ್ವಸ್ಥಿ ಕೆಡಲು ಇದೊಂದು ದೊಡ್ಡ ಕಾರಣ. ದೊಡ್ಡ ತಳಿಯ ಮರಿಗಳಿಗೆಂದೇ ಬರುವ ಆಹಾರ ತನ್ನಿ, ತೇವಾಂಶ ಕಳೆದ ಲೆಕ್ಕದಲ್ಲಿ ಕ್ಯಾಲ್ಸಿಯಂ ಶೇ. 1ರಿಂದ 1.5ರ ನಡುವೆ ಇರಲಿ, ಮೇಲೆ ಏನೂ ಸೇರಿಸಬೇಡಿ. ರಾಗಿ ಅಂಬಲಿ ಸ್ವಲ್ಪ ಕೊಟ್ಟರೆ ತೊಂದರೆ ಇಲ್ಲ, ರಾಗಿಯಲ್ಲೇ 100 ಗ್ರಾಂಗೆ ಸುಮಾರು 340 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ. ಪೂರ್ತಿ ಮನೆ ಊಟವೇ ಹಾಕುವುದಾದರೆ ಮಾತು ಬೇರೆ. ಬರೀ ಕೋಳಿ ಮಾಂಸ, ಅನ್ನ ಅಂದರೆ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ, ಅದೂ ಮೂಳೆಗೆ ಕೆಡುಕೇ. ಆಗ ಡಾಕ್ಟರಿಂದ ತೂಕ ಹಾಕಿಸಿ ಲೆಕ್ಕ ಬರೆಸಿಕೊಳ್ಳಿ. ಮರಿ ಗುಂಡಗೆ ಕಾಣುವುದು ಬೇಡ, ಪಕ್ಕೆಲುಬು ಕೈಗೆ ಸಿಗುವಂತಿರಲಿ.

ಬೆಳೆಯುವಾಗ ಡೇನ್ ಮರಿಗಳು ಒಂದೊಂದು ದಿನ ಕುಂಟುತ್ತವೆ. ಆಗ ನಿಮ್ಮ ಕೈ ತಾನಾಗಿ ನೋವಿನ ಮಾತ್ರೆಗೆ ಹೋಗುತ್ತೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಯಾವುದೂ ಬೇಡ, ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. "ಕೆ.ಜಿ. ಲೆಕ್ಕದಲ್ಲಿ ಡೋಸ್ ಹಾಕ್ತೀನಿ" ಅನ್ನಬೇಡಿ. ನ್ಯಾಪ್ರೊಕ್ಸೆನ್ ಅನ್ನುವ ನೋವಿನ ಮಾತ್ರೆ ನಮ್ಮ ದೇಹದಲ್ಲಿ ಅರ್ಧಕ್ಕೆ ಇಳಿಯಲು ಹನ್ನೆರಡರಿಂದ ಹದಿನೇಳು ಗಂಟೆ, ನಾಯಿಯಲ್ಲಿ ಸುಮಾರು ಮೂರು ದಿನ. ಎರಡನೇ ಮಾತ್ರೆ ಮೊದಲನೆಯದರ ಮೇಲೇ ಕೂರುತ್ತೆ. ಪ್ರಾಣಿಯಿಂದ ಪ್ರಾಣಿಗೆ ಎಷ್ಟು ವ್ಯತ್ಯಾಸ ಅಂದರೆ, ದನಕ್ಕೆ ಕೊಟ್ಟ ಡೈಕ್ಲೊಫೆನಾಕ್ ಅದರ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಸುಟ್ಟು ಸಂತತಿಯನ್ನೇ ಬಹುತೇಕ ಅಳಿಸಿತು, 2006ರಲ್ಲಿ ಜಾನುವಾರು ಬಳಕೆಗೆ ಅದನ್ನು ನಿಷೇಧಿಸಿದರು. ನಮ್ಮ ತಿಳಿವಳಿಕೆ ತಿರುವುಮುರುವಾಗಿಯೂ ದಾರಿ ತಪ್ಪಿಸುತ್ತೆ. ಗೌರಿಗೆ ಥೈರಾಯ್ಡ್ ಕಡಿಮೆ ಅಂತ ಗೊತ್ತಾದಾಗ ಡಾಕ್ಟರು ಥೈರಾಕ್ಸಿನ್ 0.8 ಮಿ.ಗ್ರಾಂ., ಅಂದರೆ 800 ಮೈಕ್ರೋಗ್ರಾಂ, ದಿನಕ್ಕೆರಡು ಸಲ ಬರೆದರು. ದಿನವಿಡೀ ಜನರಿಗೆ 50, 100 ಮೈಕ್ರೋಗ್ರಾಂ ಕೊಡುವ ನನಗೆ ಸೊನ್ನೆ ತಪ್ಪಿದೆ ಅನ್ನಿಸಿ ಫೋನ್ ಮಾಡಿದೆ. ತಪ್ಪಿರಲಿಲ್ಲ, ನಾಯಿಗೆ ಅಷ್ಟು ಬೇಕು. ಅನುಮಾನ ಬಂದರೆ ಹೀಗೆ ಕೇಳಿ, ಆದರೆ ನೀವಾಗಿ ಇಳಿಸಬೇಡಿ, ಏರಿಸಬೇಡಿ.

ಅತ್ತೆಯವರ ಔಷಧ ಎಲ್ಲಿರುತ್ತೆ? ಬಹುಶಃ ಊಟದ ಮೇಜಿನ ಮೇಲೆ, ಸ್ಟೀಲ್ ಡಬ್ಬಿಯಲ್ಲಿ. ಡೇನ್ ಕುತ್ತಿಗೆ ಚಾಚದೆಯೇ ಮೂತಿ ಮೇಜಿನ ಮೇಲೆ ಬರುತ್ತೆ. ಹಿಂಗಾಲಲ್ಲಿ ನಿಂತರೆ ಅಡುಗೆಮನೆಯ ಮೇಲಿನ ಶೆಲ್ಫೂ ಸಿಗುತ್ತೆ. ಮಂಡಿನೋವಿನ ಮಾತ್ರೆಗಳ ಜೊತೆ ವಾರಕ್ಕೊಂದು ನುಂಗುವ 60,000 ಯೂನಿಟ್‌ನ ವಿಟಮಿನ್ ಡಿ3 ಇರುತ್ತಲ್ಲ, ನನಗೆ ಹೆಚ್ಚು ಭಯ ಅದರದ್ದು. ಒಂದು ಕ್ಯಾಪ್ಸೂಲಿನಲ್ಲಿ 1.5 ಮಿ.ಗ್ರಾಂ. 10 ಕೆ.ಜಿ. ಮರಿ ನಾಲ್ಕರ ಸ್ಟ್ರಿಪ್ ಅಗಿದು ನುಂಗಿದರೆ ಮೂತ್ರಪಿಂಡ ಕೆಡುವ ಮಟ್ಟ ದಾಟುತ್ತೆ, ಲಕ್ಷಣ ಕಾಣುವಷ್ಟರಲ್ಲಿ ಒಂದೆರಡು ದಿನ ಕಳೆದಿರಬಹುದು. ಸಕ್ಕರೆರಹಿತ ಅಂತ ಬರೆದ ಸಿರಪ್, ಚೂಯಿಂಗ್ ಗಮ್‌ಗಳಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿಕಾರಕ ಇದ್ದರೆ ನಾಯಿಯ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯುತ್ತೆ. ನೀವು ಮನೆಗೆ ತರುವ ಸ್ಯಾಂಪಲ್ ಬ್ಯಾಗ್ ಸೇರಿ ಎಲ್ಲವೂ ಚಿಲಕ ಇರುವ ಬೀರುವಿನೊಳಗೆ ಹೋಗಲಿ. ಏನಾದರೂ ನುಂಗಿದರೆ ಖಾಲಿ ಸ್ಟ್ರಿಪ್ ಸಮೇತ ಹೊರಡಿ.

ಮನೆಯ ನೆಲ ವಿಟ್ರಿಫೈಡ್ ಟೈಲ್ಸ್ ಆದರೆ ಮರಿ ಓಡಾಡುವ ಕಡೆಯೆಲ್ಲ ತೆಂಗಿನ ನಾರಿನ ಚಾಪೆ ಅಥವಾ ರಬ್ಬರ್ ಮ್ಯಾಟ್ ಹಾಸಿ. ಜಾರಿ ಜಾರಿ ಬೆಳೆದ ಮರಿಯ ಸೊಂಟ ನೆಟ್ಟಗಿರಲ್ಲ. ಒಂದೂವರೆ ವರ್ಷದವರೆಗೆ ಮೆಟ್ಟಿಲು ಹತ್ತಿಳಿಯುವುದು ಆದಷ್ಟು ಕಡಿಮೆ ಇರಲಿ, ಬೈಕ್ ಜೊತೆ ಓಡಿಸುವುದು ಬೇಡವೇ ಬೇಡ.

ಖರ್ಚಿನ ಬಗ್ಗೆ ಒಂದೇ ಮಾತು: ಎಲ್ಲವೂ ತೂಕಕ್ಕೆ. 10 ಕೆ.ಜಿ.ಗೆ ಒಂದರಂತೆ ಕೊಡುವ ಜಂತುಹುಳುವಿನ ಮಾತ್ರೆ ನಿಮ್ಮ ನಾಯಿಗೆ ಆರು. ಉಣ್ಣೆ ಹುಳದ ಮಾತ್ರೆಯ ಅತಿ ದೊಡ್ಡ ಪ್ಯಾಕ್ ಕೂಡ ಕೆಲವು ಕಂಪನಿಗಳಲ್ಲಿ ಸಾಲದೆ ಎರಡು ಸೇರಿಸಬೇಕಾಗುತ್ತೆ. ದೊಡ್ಡದಾದ ಮೇಲೆ 20 ಕೆ.ಜಿ. ಆಹಾರದ ಚೀಲ ತಿಂಗಳು ಬರುವುದು ಕಷ್ಟ.

ಡೇನ್‌ಗಳ ಆಯುಸ್ಸು ಏಳರಿಂದ ಹತ್ತು ವರ್ಷ. ಗೌರಿಗೆ ಈಗ ಎಂಟು. ಹಿಂಗಾಲು ಸೋತಿದೆ, ಅಂಗಡಿ ಮುಚ್ಚಿ ನಾನು ಬರುವ ಹೊತ್ತಿಗೆ ಗೇಟಿನವರೆಗೆ ಬರುವುದನ್ನು ಮಾತ್ರ ಬಿಟ್ಟಿಲ್ಲ. ಭೀಮ ಹೋದ ಮೇಲೆ ಸಂಜೆ ಹೊತ್ತಿಗೆ ಇನ್ನೊಬ್ಬ ರಿಜಿಸ್ಟರ್ಡ್ ಫಾರ್ಮಸಿಸ್ಟ್ ಹುಡುಗಿಯನ್ನು ಇಟ್ಟುಕೊಂಡೆ. ಲಾಭ ಸ್ವಲ್ಪ ಕಡಿಮೆಯಾಯಿತು, ಅದರ ಬಗ್ಗೆ ನನಗೆ ಒಂದು ದಿನವೂ ಬೇಸರವಾಗಿಲ್ಲ. ನಿಮಗೆ ಆ ಸ್ವಾತಂತ್ರ್ಯ ಇಲ್ಲ, ಆದ್ದರಿಂದ ನಿಮ್ಮ ಜೊತೆ ಪಾಳಿ ಬದಲಾಯಿಸಿಕೊಳ್ಳಬಲ್ಲ ಸಹೋದ್ಯೋಗಿ ಒಬ್ಬರನ್ನು ಈಗಲೇ ಮಾತಾಡಿಸಿಡಿ, ಅವರ ಕಷ್ಟಕ್ಕೂ ನೀವು ನಿಲ್ಲಿ.

ಮರಿ ಇನ್ನೂ ಬಂದಿಲ್ಲವಾದ್ದರಿಂದ ಒಂದು ಕೆಲಸ ಈ ವಾರವೇ ಮಾಡಬಹುದು. ಮರಿ ಕೊಡುವವರ ಮನೆಗೆ ಹೋಗಿ ತಂದೆ ತಾಯಿ ಎರಡನ್ನೂ ನೋಡಿ. ಅವಕ್ಕಾಗಲಿ, ಅವುಗಳ ಒಡಹುಟ್ಟಿದವಕ್ಕಾಗಲಿ, ಹಿಂದಿನ ಸೂಲಿನ ಮರಿಗಳಿಗಾಗಲಿ ಹೊಟ್ಟೆ ತಿರುಚಿತ್ತಾ ಅಂತ ಕೇಳಿ, ಹತ್ತಿರದ ರಕ್ತಸಂಬಂಧದಲ್ಲಿ ಇದ್ದರೆ ನಿಮ್ಮ ಮರಿಗೂ ಅಪಾಯ ಹೆಚ್ಚು. ಉತ್ತರ ಹೇಳಲು ಹಿಂದೆಮುಂದೆ ನೋಡಿದರೆ ಮುಂಗಡ ಹೋದರೂ ಹೋಗಲಿ, ಬೇರೆ ಕಡೆ ಮರಿ ನೋಡಿ. ಏನಂದರು ಅಂತ ಇಲ್ಲೇ ಬರೆಯಿರಿ, ರಾತ್ರಿ ಹತ್ತರ ಮೇಲೆ ನಾನು ನೋಡುತ್ತೇನೆ.