ದೊಡ್ಡ ಇಂಜೆಕ್ಟರ್ ಹಾಕಿದ್ರೆ ಪಿಕಪ್ ಜಾಸ್ತಿ ಆಗುತ್ತಾ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು, ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇನೆ. ಹೋದ ವರ್ಷ ಆಸೆಪಟ್ಟು 1977ರ ಡಾಟ್ಸನ್ 280ಝಡ್ ಕಾರು ತಗೊಂಡೆ. ಇಂಜಿನ್ ಒರಿಜಿನಲ್. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಇಂಜಿನ್ ಓಡುವಾಗ, ನಡುಗುತ್ತದೆ, ಬಿಸಿ ಇದ್ದಾಗ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತದೆ. ಗೆಳೆಯರು "ಆರಕ್ಕೆ ಆರೂ ದೊಡ್ಡ ಇಂಜೆಕ್ಟರ್ ಹಾಕಿಸು, ಪಿಕಪ್ಪೂ ಬರುತ್ತೆ" ಅಂತಾರೆ. ನಿಮಿಷಕ್ಕೆ 270 ಸಿಸಿ ಪೆಟ್ರೋಲ್ ಬಿಡುವ ಸೆಟ್ ಒಂದನ್ನು ನೋಡಿಟ್ಟಿದ್ದೇನೆ. ಹಾಕಿಸಲಾ?

ಉತ್ತರ: ಬೇಡ. ಬೇಕೇ ಆದರೆ ಅಷ್ಟೇ ಅಳತೆಯ ಹೊಸದು ಹಾಕಿಸಿ, ದೊಡ್ಡದು ಬೇಡ.

ಇಂಜೆಕ್ಟರ್ ಅಂದರೆ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ನಳಿಗೆ. ನಿಮ್ಮ ಗಾಡಿಯಲ್ಲಿ ಅದನ್ನು ನಡೆಸೋದು ಬಾಷ್ ಎಲ್-ಜೆಟ್ರಾನಿಕ್ ಅನ್ನೋ ಎಲೆಕ್ಟ್ರಾನಿಕ್ ವ್ಯವಸ್ಥೆ. ಒಳಗೆ ಹೋಗುವ ಗಾಳಿ ಒಂದು ರೆಕ್ಕೆಯನ್ನು ತಳ್ಳುತ್ತದೆ, ರೆಕ್ಕೆ ಎಷ್ಟು ತೆರೆಯಿತು ಅಂತ ನೋಡಿಕೊಂಡು ಅದರ ಕಂಪ್ಯೂಟರ್ 'ಇಂಜೆಕ್ಟರ್ ಇಷ್ಟು ಮಿಲಿಸೆಕೆಂಡ್ ತೆರೆದಿರಲಿ' ಅಂತ ಲೆಕ್ಕ ಹಾಕುತ್ತದೆ. ಅಷ್ಟೇ ಅದರ ಬುದ್ಧಿ. ಹೊರಗೆ ಬಂದ ಹೊಗೆ ನೋಡಿ ತಪ್ಪು ತಿದ್ದಿಕೊಳ್ಳೋಕೆ ಆಕ್ಸಿಜನ್ ಸೆನ್ಸರ್ ಕೂಡ ಇಲ್ಲ. ಹಾಗಾಗಿ ನೀವು ದೊಡ್ಡದು ಕೂರಿಸಿದ್ದು ಅದಕ್ಕೆ ಗೊತ್ತೇ ಆಗಲ್ಲ, ಹಳೇ ಲೆಕ್ಕದಲ್ಲೇ ತೆರೆಯುತ್ತಾ ಹೋಗುತ್ತದೆ, ಪೆಟ್ರೋಲ್ ಮಾತ್ರ ಜಾಸ್ತಿ ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ. ಪಿಕಪ್ ಬರೋದಿರಲಿ, ಇರೋದೂ ಹೋಗುತ್ತದೆ.

ಎಷ್ಟು ಜಾಸ್ತಿ? ನೀವು ನೋಡಿಟ್ಟಿರುವ 270 ಅನ್ನೋದು ಸಾಮಾನ್ಯವಾಗಿ 3 ಬಾರ್ ಒತ್ತಡದಲ್ಲಿ ಅಳೆದದ್ದು. ನಿಮ್ಮ ಫ್ಯೂಯಲ್ ರೈಲಿನಲ್ಲಿ, ಅಂದರೆ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪಿನಲ್ಲಿ, ಇರೋದು 2.5 ಬಾರ್. ಅಲ್ಲಿ ಅದು ಸುಮಾರು 246 ಸಿಸಿ ಬಿಡುತ್ತದೆ. ನಿಮ್ಮ ಒರಿಜಿನಲ್ ಇಂಜೆಕ್ಟರ್ ಬಿಡೋದು ಸುಮಾರು 188. ಅಂದರೆ ಶೇಕಡಾ 30ರಷ್ಟು ಹೆಚ್ಚು. ಅಸಲಿಗೆ ಈ ಇಂಜಿನ್ನಿಗೆ ಬೇಕಾದ್ದೆಷ್ಟು? 150 ಎಚ್‌ಪಿ ಅಂತ ಹಿಡಿಯೋಣ. ಫುಲ್ ಲೋಡಿನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಹತ್ತಿರಹತ್ತಿರ 225 ಗ್ರಾಂ ಪೆಟ್ರೋಲ್ ಬೇಕು. ಆರು ಸಿಲಿಂಡರಿಗೆ ಹಂಚಿ, ಇಂಜೆಕ್ಟರ್ ಶೇಕಡಾ 80ರಷ್ಟು ಹೊತ್ತು ಮಾತ್ರ ತೆರೆದಿರಲಿ ಅಂದುಕೊಂಡರೂ ತಲಾ 160 ಸಿಸಿ ಸಾಕು. ಕಂಪನಿ ಕೊಟ್ಟದ್ದರಲ್ಲೇ ಇನ್ನೂ ಮಿಕ್ಕುತ್ತದೆ. ಟರ್ಬೊ ಕೂರಿಸಿ, ಹೊಸ ಕಂಪ್ಯೂಟರ್ ಹಾಕಿ ಟ್ಯೂನ್ ಮಾಡಿಸುತ್ತೀರಿ ಅಂದ್ರೆ ಆ ಮಾತೇ ಬೇರೆ.

ಇನ್ನೊಂದು ವಿಷಯ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಪೆಟ್ರೋಲ್ ಗಾಡಿಗಳಿಗೆ ಸ್ಮಾಗ್ ಚೆಕ್, ಅಂದರೆ ಹೊಗೆ ಪರೀಕ್ಷೆ, ಇಲ್ಲ, 1976ರಿಂದ ಈಚಿನವಕ್ಕೆ, ತೀರಾ ಹೊಸವನ್ನು ಬಿಟ್ಟು, ಎರಡು ವರ್ಷಕ್ಕೊಮ್ಮೆ ಇದೆ. ನಿಮ್ಮದು 1977. ಎರಡೇ ವರ್ಷದಲ್ಲಿ ತಪ್ಪಿತು ನೋಡಿ! ಅಷ್ಟು ಪೆಟ್ರೋಲ್ ಸುರಿದು ಟೆಸ್ಟಿಗೆ ನಿಲ್ಲಿಸಿದರೆ ಪಾಸಾಗೋ ಮಾತೇ ಇಲ್ಲ.

ಹಾಗಾದರೆ ಮಾಡೋದೇನು? ಮೊದಲು ಇಂಜೆಕ್ಟರಿಂದೇ ತಪ್ಪು ಅಂತ ಖಾತ್ರಿ ಮಾಡಿಕೊಳ್ಳಿ. ರೈಲಿಗೆ ಪ್ರೆಶರ್ ಗೇಜ್ ಹಾಕಿ, ಬಿಸಿ ಇಂಜಿನ್ ಆಫ್ ಮಾಡಿ, ಮುಳ್ಳು ನೋಡುತ್ತಾ ಕೂತುಕೊಳ್ಳಿ. ಸರ್ರನೆ ಇಳಿದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಪೆಟ್ರೋಲ್ ವಾಪಸ್ ಹೋಗದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಹೋಗಿರಬಹುದು, ಒತ್ತಡ ಕಾಯುವ ರೆಗ್ಯುಲೇಟರ್ ಕೂಡ ಇರಬಹುದು. ಕನೆಕ್ಟರ್‌ಗಳನ್ನೂ ಕಳಚಿ ನೋಡಿ. ಹಸಿರು ಪುಡಿ ಕಟ್ಟಿದ ಒಂದು ಪಿನ್ನಿಗೋಸ್ಕರ ನಾನು ಮೂರು ಭಾನುವಾರ ಕಳೆದುಕೊಂಡಿದ್ದೇನೆ. ಟೆಂಪರೇಚರ್ ಸೆನ್ಸರಿನ ಪಿನ್ ಅದು. ಇಂಜಿನ್ ಕುದಿಯುತ್ತಿದ್ದರೂ ಕಂಪ್ಯೂಟರಿಗೆ ಚಳಿ ಅನ್ನಿಸುತ್ತಿತ್ತು, ಪೆಟ್ರೋಲ್ ಸುರಿಯುತ್ತಲೇ ಇತ್ತು. ನಾನು ಸುಮ್ನೆ ಇಂಜೆಕ್ಟರ್ ಬಿಚ್ಚಿ ಬಿಚ್ಚಿ ತೊಳೆಯುತ್ತಿದ್ದೆ.

ಇಂಜೆಕ್ಟರೇ ಹೋಗಿದೆ ಅಂತಾದರೆ ಅಷ್ಟೇ ಅಳತೆಯ ಹೊಸದು ತಗೊಳ್ಳಿ. 3 ಬಾರ್ ಲೆಕ್ಕದಲ್ಲಿ 205 ಸಿಸಿಯ ಆಸುಪಾಸು. ನಾಲ್ಕು ತೂತಿನ ಈಗಿನ ಇಂಜೆಕ್ಟರ್ ಪೆಟ್ರೋಲನ್ನು ನುಣ್ಣಗೆ ಮಂಜಿನ ಹಾಗೆ ಚಿಮ್ಮಿಸುತ್ತದೆ, ಐಡಲ್ ಸುಧಾರಿಸೋದು ಅಲ್ಲೇ. ಆರನ್ನೂ ಬೆಂಚಿನ ಮೇಲೆ ಫ್ಲೋ ಟೆಸ್ಟ್ ಮಾಡಿಸಿ, ಒಂದಕ್ಕೊಂದು ಹೊಂದಬೇಕು. ಆದರೆ ಹಳೇದು ನೇರ ಹೋಸಿಗೆ ಸಿಕ್ಕಿಸುವಂಥದ್ದು, ಹೊಸದಕ್ಕೆ ಮೇಲೂ ಓ-ರಿಂಗ್ ಅನ್ನೋ ರಬ್ಬರ್ ಬಳೆ, ಹಾಗಾಗಿ ರೈಲು ಬದಲಿಸಬೇಕಾಗುತ್ತದೆ.

ಎಲ್ಲರೂ ಎಡವೋದು ಓಮ್ ಲೆಕ್ಕದಲ್ಲಿ, ಅಂದರೆ ಇಂಜೆಕ್ಟರ್ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಅನ್ನೋದರಲ್ಲಿ. ನಿಮ್ಮ ಹಳೇ ಇಂಜೆಕ್ಟರ್ ಎರಡೂವರೆ ಓಮಿನ ಹತ್ತಿರ, ಅದಕ್ಕೇ ವೈರಿಂಗಿನ ನಡುವೆ ಒಂದು ರೆಸಿಸ್ಟರ್ ಡಬ್ಬಿ ಇದೆ. ಹೊಸದು 12 ಓಮ್‌ಗಿಂತ ಜಾಸ್ತಿ ಇದ್ದರೆ ಆ ಡಬ್ಬಿಯನ್ನು ಬೈಪಾಸ್ ಮಾಡಿ, ಇಲ್ಲದಿದ್ದರೆ ಕರೆಂಟ್ ಸಾಲದೆ ತಡವಾಗಿ ತೆರೆಯುತ್ತದೆ. ಹಳೇದನ್ನೇ ಇಟ್ಟುಕೊಂಡು ಡಬ್ಬಿ ತೆಗೆದಿರೋ, ಕಂಪ್ಯೂಟರ್ ಸುಟ್ಟಿತು ಅಂತಲೇ ಲೆಕ್ಕ.

ಪೆಟ್ರೋಲ್ ಹೋಸ್ ಮಾತ್ರ ಇವತ್ತೇ ಬದಲಿಸಿ. ಈಗಿನ ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯಲ್ಲ. ಬಗ್ಗಿಸಿ ನೋಡಿ, ಸವೆದ ಹವಾಯಿ ಚಪ್ಪಲಿ ಹಾಗೆ ಬಿರುಕು ಕಾಣುತ್ತದೆ. ಕೆಳಗೇ ಎಕ್ಸಾಸ್ಟ್ ಇದೆ, ಒಂದು ಹನಿ ಬಿದ್ದರೆ ಸಾಕು. ಇಂಜೆಕ್ಟರ್ ಗಾಡಿಗಳ ಒತ್ತಡಕ್ಕೆಂದೇ ಮಾಡಿದ, ಎಸ್‌ಎಇ ಜೆ30ಆರ್9 ಅಂತ ಬರೆದಿರುವ ಹೋಸೇ ಕೇಳಿ ತಗೊಳ್ಳಿ.

ಪ್ರಶ್ನೆ: ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿ ಇದೆ, ಪೆಟ್ರೋಲ್. ಕಾರ್ಬುರೇಟರ್ ತೆಗೆದು ಇಂಜೆಕ್ಟರ್ ಹಾಕಿಸಬಹುದಾ? (ಮೈಸೂರಿನಿಂದ)

ಉತ್ತರ: ಆಗಲ್ಲ ಅಂತಲ್ಲ. ಆದರೆ ಅದರ ಪಂಪ್ ಕೊಡೋದು ಮೂರ್ನಾಲ್ಕು ಪಿಎಸ್‌ಐ ಒತ್ತಡ, ಇಂಜೆಕ್ಟರಿಗೆ ಬೇಕಾದ್ದು ಅದರ ಹತ್ತು ಪಟ್ಟು. ಬೇರೆ ಪಂಪ್, ರಿಟರ್ನ್ ಪೈಪು, ಸೆನ್ಸರ್‌ಗಳು, ಕಂಪ್ಯೂಟರ್, ಆಮೇಲೆ ಟ್ಯೂನ್ ಮಾಡೋಕೆ ಒಬ್ಬ ಪುಣ್ಯಾತ್ಮ ಸಿಗಬೇಕು. 1089 ಸಿಸಿ ಇಂಜಿನ್ನಿಗೆ ಇಷ್ಟೆಲ್ಲ ಯಾಕೆ ಹೇಳಿ? ಕಾರ್ಬುರೇಟರ್ ಬಿಚ್ಚಿಸಿ ಜೆಟ್ ತೊಳೆಸಿ, ಫ್ಲೋಟ್ ಲೆವೆಲ್ ನೋಡಿಸಿ. ಅರ್ಧ ದಿನದ ಕೆಲಸ.